ಅಮರಾವತಿಯನ್ನು ಬಿಟ್ಟ ಹಾಡು

ವೈಶಾಖ ಮಾಸದ ಎರಡನೆಯ ವಾರ, ಬೆಳಗಿನ ರೈಲಿಗೆ ನಾನು ಚನ್ನಪಟ್ಟಣ ಬಿಟ್ಟೆ. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ, ಒಂದು ತಾಮ್ರದ ಚೊಂಬು, ಸೊಸೆ ಕಟ್ಟಿಕೊಟ್ಟ ಬುತ್ತಿ. ಬೆಂಗಳೂರಿನಲ್ಲಿ ಗಾಡಿ ಬದಲಾಯಿಸಿ, ಜೋಲಾರಪೇಟೆಯಲ್ಲಿ ಮೂರು ಗಂಟೆ ಕಾದು, ಸೇಲಂ ಮೇಲೆ ಹಾದು ಮರುದಿನ ಬೆಳಿಗ್ಗೆ ಈರೋಡು ಮುಟ್ಟಿದೆ. ಅಲ್ಲಿಂದ ಮುಂದೆ ಹಳಿಯೂ ಕಿರಿದು, ಡಬ್ಬಿಯೂ ಕಿರಿದು. ಮೂರನೆಯ ದರ್ಜೆಯ ಹಲಗೆ ಹತ್ತು ಗಂಟೆಗೆಲ್ಲ ರೊಟ್ಟಿಯ ಹಂಚಿನಂತೆ ಕಾದಿತ್ತು. ಕರೂರಿನ ಹತ್ತಿರ ಅಮರಾವತಿಯ ಸೇತುವೆ ಬರುತ್ತದೆ ಎಂದು ಗೊತ್ತಿತ್ತು. ಚಕ್ರದ ಸದ್ದು ಬದಲಾದದ್ದು ಕೇಳಿತು. ನಾನು ಕಿಟಕಿಯ ಕಡೆ ನೋಡಲಿಲ್ಲ. ಚೊಂಬಿನ ತಳವನ್ನು ನೋಡುತ್ತ ಕುಳಿತೆ.

ಏಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹಿರಿಯರು ಎಷ್ಟೋ ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ದನಗಳನ್ನು ಹೊಡೆದುಕೊಂಡು ತೆಂಕಣಕ್ಕೆ ಹೋಗಿ ಕಂಬಂ ಕಣಿವೆಯಲ್ಲಿ ನೆಲೆಸಿದ ಒಕ್ಕಲುಗಳು. ಅಲ್ಲಿ ಈಗಲೂ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ದೇವರಿಗೆಂದು ಬಿಟ್ಟ ಒಂದು ಮಂದೆ ಇದೆ. ಅದರ ಎತ್ತಿಗೆ ನೊಗ ಹೂಡುವುದಿಲ್ಲ, ಹಾಲನ್ನು ಮಾರುವುದಿಲ್ಲ. ಮಂದೆಗೆ ಒಂದು ಪಟ್ಟದ ಹೋರಿ. ಅದು ಸತ್ತರೆ ಬೇಸಿಗೆಯಲ್ಲಿ ಒಂದು ದಿನ ಗೊತ್ತುಮಾಡಿ, ಇಡೀ ಮಂದೆಯನ್ನು ಊರ ಮುಂದಿನ ಹೊಳೆ ದಾಟಿಸುತ್ತಾರೆ. ಆಚೆ ದಡದಲ್ಲಿ ಕಬ್ಬಿನ ಕಟ್ಟು ಇಟ್ಟಿರುತ್ತದೆ. ಮೊದಲು ಬಾಯಿಟ್ಟ ಹೋರಿಗೆ ಪಟ್ಟ. ಮಂದೆ ದಾಟುವಾಗ ಒಬ್ಬನು ಹಿರಿಯರು ದಾಟಿಬಂದ ಒಂಬತ್ತು ಹೊಳೆಗಳ ಹಾಡು ಹೇಳಬೇಕು. ಒಂದು ಹೊಳೆಯ ಹೆಸರು, ಡೋಲಿಗೆ ಒಂದು ಏಟು, ಮಂದೆ ನಾಲ್ಕು ಹೆಜ್ಜೆ ಮುಂದೆ. ಒಂದು ಹೊಳೆ ತಪ್ಪಿತೋ, ಹಿರಿಯರೂ ದನಗಳೂ ಆ ಹೊಳೆಯ ಆಚೆಗೇ ಉಳಿದರು ಎಂದು ನಮ್ಮವರು ತಿಳಿಯುತ್ತಾರೆ.

ನಲವತ್ತು ವರ್ಷದ ಹಿಂದೆ ಬೊಮ್ಮಣ್ಣ ಎಂಬ ಹಾಡುಗಾರ ಅಮರಾವತಿಯನ್ನು ತಪ್ಪಿಸಿದ. ಅವನ ಬಾಯಲ್ಲಿ ಹೆಂಡದ ವಾಸನೆಯಿತ್ತು. ಮಂದೆ ಇಳಿಯುವ, ಹತ್ತುವ ಎರಡೂ ದಡಗಳನ್ನು ಅವನ ಮನೆತನ ಮೆಟ್ಟಬಾರದೆಂದು ಹಿರಿಯರ ಕೂಟ ತೀರ್ಮಾನಿಸಿತು. ಅವನ ಬಳಿ ಹಾಡು ಕಲಿತಿದ್ದ ನಾನು ಆ ದಿನ ಅವನ ಜಾಗದಲ್ಲಿ ನಿಂತು ಒಂಬತ್ತು ಹೊಳೆಯನ್ನೂ ತಪ್ಪದೆ ಹಾಡಿದೆ. ಎರಡು ತಿಂಗಳಿಗೆ ಊರು ಬಿಟ್ಟು ಮೈಸೂರು ಸೀಮೆಗೆ ಬಂದು ಅಮಲ್ದಾರರ ಕಚೇರಿಯ ಗುಮಾಸ್ತನಾದೆ. ಆಮೇಲೆ ಬಂದ ಎರಡು ಹೋರಿಗಳಿಗೂ ಬರೀ ಡೋಲು ಬಡಿದು ಪಟ್ಟ ಕಟ್ಟಿದರಂತೆ. ಈಗ ಮತ್ತೆ ಹೋರಿ ಸತ್ತಿದೆ. 'ಮಾಮಾ, ಹಾಡು ಬಲ್ಲವರು, ಹಾಡಬಹುದಾದವರು ನೀವೊಬ್ಬರೇ. ಬರಲೇಬೇಕು' ಎಂದು ಅಕ್ಕನ ಮಗ ತಿಮ್ಮಣ್ಣ ಕಾಗದ ಬರೆಸಿದ್ದ. ನಾನು ಹೊರಟದ್ದು ಹಾಡುವುದಕ್ಕಲ್ಲ. ಬೊಮ್ಮಣ್ಣನಿಗೆ ಹೆಂಡ ಕುಡಿಸಿದವನು ನಾನು. ಅದನ್ನು ಹೇಳಲು ಹೊರಟೆ. ಹೇಳುವ ಧೈರ್ಯ ಕಂಬಂ ಮುಟ್ಟುವವರೆಗೆ ಉಳಿದೀತೇ ಎಂಬುದೇ ದಾರಿಯುದ್ದಕ್ಕೂ ನನ್ನ ಭಯ.

ತಿರುಚಿನಾಪಳ್ಳಿಯಲ್ಲಿ ಮತ್ತೊಮ್ಮೆ ಗಾಡಿ ಬದಲಾಯಿಸಿ ಮೂರನೆಯ ದಿನ ದಿಂಡಿಗಲ್ಲಿನಲ್ಲಿ ಇಳಿದೆ. ಕೋಟೆಯ ಬಂಡೆ ಬಿಸಿಲಿಗೆ ಬೆಳ್ಳಗೆ ಕಾಯುತ್ತಿತ್ತು. ಪೇಟೆಯಲ್ಲಿ ಚುಟ್ಟ ಸುತ್ತುವ ಮನೆಗಳ ಹೊಗೆಸೊಪ್ಪಿನ ವಾಸನೆ, ಅದರ ಹಿಂದೆಯೇ ತೊಗಲು ಹದಮಾಡುವ ಕೇರಿಯ ವಾಸನೆ. ಹುಡುಗನಾಗಿದ್ದಾಗ ಇಲ್ಲಿನ ಪಾದ್ರಿಗಳ ಹೈಸ್ಕೂಲಿನಲ್ಲಿ ಓದಿದವನು ನಾನು. ಆ ಓದೇ ನನಗೆ ಮದ ತಂದಿತು ಎಂದು ಈಗ ಅನ್ನಿಸುತ್ತದೆ. ಬೊಮ್ಮಣ್ಣನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಅವನ ಹಾಡನ್ನು ತಮಿಳು ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದೆ. ಬರೆದಿಟ್ಟದ್ದು ನನ್ನದೇ ಎಂದುಕೊಂಡೆ.

ನಿಲ್ದಾಣದ ಹೊರಗೆ ಒಬ್ಬ ಮುದುಕಿ ಸಿರುಮಲೈ ಬಾಳೆಹಣ್ಣು ಮಾರುತ್ತಿದ್ದಳು. ಗಿಡ್ಡ ಹಣ್ಣು, ಸಿಪ್ಪೆ ಸುಕ್ಕುಗಟ್ಟಿ ಕಪ್ಪು ಚುಕ್ಕೆ ಬಿದ್ದಿತ್ತು. ನಾನು ಬೇರೆ ಚಿಪ್ಪು ಕೇಳಿದ್ದಕ್ಕೆ, "ಮೇಲೆ ನೋಡಿ ಮೂಗು ಮುರೀಬೇಡಿ ಸಾಮಿ. ನಿಮ್ಮ ಮುಖವೂ ಹೀಗೇ ಇದೆ, ನಾನು ಮಾತಾಡಿಸಲಿಲ್ಲವಾ?" ಎಂದು ತಮಿಳಿನಲ್ಲಿ ಗದರಿದಳು. ಸುತ್ತಲಿದ್ದವರು ನಕ್ಕರು. ಹಣ್ಣು ಹುಳಿ ಬೆರೆತ ಸಿಹಿ, ನಾರಿಲ್ಲದ ಗಟ್ಟಿ ತಿರುಳು. ಒಂದರ ಮೇಲೊಂದು ಆರು ತಿಂದೆ. ಆರನೆಯದನ್ನು ಸುಲಿಯುವಾಗ ಅರಿವಾಯಿತು: ಹಸಿವಿಗಲ್ಲ, ಮುಂದಿನ ಗಾಡಿ ತಪ್ಪಿದರೆ ತಪ್ಪಲಿ ಎಂದು ತಿನ್ನುತ್ತಿದ್ದೆ. ಗಾಡಿ ತಡವಾಗಿಯೇ ಬಂತು, ತಪ್ಪಲಿಲ್ಲ.

ಅಮ್ಮಯನಾಯಕನೂರಿನ ನಿಲ್ದಾಣಕ್ಕೆ ತಿಮ್ಮಣ್ಣ ಕಮಾನು ಗಾಡಿ ಕಳಿಸಿದ್ದ. ಹೊಡೆಯುವವನು ಕರುಪ್ಪಣ್ಣ, ನಮ್ಮವನೇ, ನಲವತ್ತರ ಆಸುಪಾಸು, ಬಾಯಿ ಸುಮ್ಮನಿರದ ಆಸಾಮಿ.

"ಮಾಮಾ ತಾನೇ? ಹಾಡೋ ಮಾಮಾ?" ಎಂದು ಪೆಟ್ಟಿಗೆ ಎತ್ತಿಕೊಂಡ. "ನಿಮ್ಮುನ್ ನೋಡಕ್ಕೆ ಊರೇ ಕಾಯ್ಕಂಡು ಕುಂತೈತೆ. ಬರೀ ಡೋಲು ಕೇಳಿ ಕೇಳಿ ದನಕ್ಕೂ ಬ್ಯಾಸ್ರ ಬಂದೈತೆ. ಎಲ್ಲಿ, ನಂಗೊಂದು ನುಡಿ ಹಾಡಿ ನೋಡಮು."

"ಗಂಟಲು ಕಟ್ಟಿದೆ" ಎಂದೆ.

"ಆಮಾ, ರೈಲ್ ಹೊಗೆ. ಸರಿ, ಊರಲ್ಲೇ ಕೇಳ್ತೀನಿ."

ಅಲ್ಲಿಂದ ಕಂಬಂಗೆ ಅರವತ್ತೈದು ಮೈಲಿ. ನಾಲ್ಕು ದಿನದ ದಾರಿ. ಬೆಳಿಗ್ಗೆ ನಾಲ್ಕು ತಾಸು, ಸಂಜೆ ನಾಲ್ಕು ತಾಸು ಎತ್ತು ನಡೆಯುವುದು, ನಡುಹಗಲು ಮರದಡಿ. ನಿಲಕ್ಕೋಟ್ಟೈ ಹಾಯುವಾಗ ಮಲ್ಲಿಗೆ ತೋಟಗಳಲ್ಲಿ ಹೆಂಗಸರು ಮೊಗ್ಗು ಬಿಡಿಸುತ್ತಿದ್ದರು. ಕರುಪ್ಪಣ್ಣ ಒಂದು ಮೊಳ ಕೊಂಡು ಎತ್ತಿನ ಕೊಂಬಿಗೆ ಸುತ್ತಿದ. "ಹೆಂಡ್ತಿಗೆ ತಂದ್ರೆ ಊರು ಮುಟ್ಟೋಷ್ಟ್ರಲ್ಲಿ ಬಾಡ್ತದೆ. ಇವ್ನಾದ್ರೂ ಮುಡ್ಕಳ್ಲಿ" ಎಂದ.

ವತ್ತಲಗುಂಡಿನ ಈಚೆಗೆ ತಾಟಿತೋಪು. ಕಣ್ಣು ಹಾಯುವಷ್ಟು ದೂರ ಕರಿಯ ಕಂಬಗಳಂತೆ ತಾಟಿಮರ, ತುದಿಯಲ್ಲಿ ಗಡಿಗೆಗಳು. ನೆರಳಿನಲ್ಲಿ ಎಳೆಯ ತಾಟಿನುಂಗು ಕೆತ್ತಿಕೊಡುತ್ತಿದ್ದರು. ಹೆಬ್ಬೆರಳಿನಿಂದ ಒತ್ತಿದರೆ ತಣ್ಣನೆಯ ನೀರು ಚಿಮ್ಮುವ ಆ ಕಾಯನ್ನು ತಿಂದೆ, ಸುಳ್ಳೇಕೆ, ಸೊಗಸಾಗಿತ್ತು. ಕರುಪ್ಪಣ್ಣ ಗರಿಯ ದೊನ್ನೆಯಲ್ಲಿ ಪದನೀರು ಹಿಡಿದು ಬಂದ.

"ನನಗೆ ಬೇಡ. ನಲವತ್ತು ವರ್ಷದಿಂದ ಬಾಯಿಗಿಟ್ಟಿಲ್ಲ."

"ಹೆಂಡ ಅಲ್ಲ ಮಾಮಾ ಇದು, ಪದನೀರು! ಸ್ವಾಮಿ ಪಾದಕ್ಕೂ ಇಡ್ತಾರೆ. ಎಂಥ ನೇಮ ನಿಮ್ದು?"

ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕು. ತಾಟಿಮರದಿಂದ ಇಳಿಯುವ ರಸ ಒಂದೇ. ಗಡಿಗೆಯೊಳಗೆ ಸುಣ್ಣ ಬಳಿದಿದ್ದರೆ ಬೆಳಿಗ್ಗೆ ಅದು ಸಿಹಿಯಾದ ಪದನೀರು, ಯಾರೂ ಕುಡಿಯಬಹುದು. ಸುಣ್ಣ ಬಳಿಯದಿದ್ದರೆ ಅದೇ ರಸ ಹುಳಿಬಂದು ಹೆಂಡ. ಹಾಡುವವನು ಹಿಂದಿನ ದಿನದಿಂದ ಉಪವಾಸವಿದ್ದು, ಹೊಳೆಗೆ ಇಳಿಯುವ ಮುನ್ನ ಪದನೀರು ಮಾತ್ರ ಕುಡಿಯಬೇಕೆಂಬುದು ನಮ್ಮ ಕಟ್ಟಳೆ. ಆ ವರ್ಷ ಅದನ್ನು ತಂದುಕೊಡುವ ಕೆಲಸ ನನ್ನದಾಗಿತ್ತು. ಮರ ಹತ್ತುವವನ ಹತ್ತಿರ ಎರಡು ಬಗೆಯ ಗಡಿಗೆಗಳೂ ಇದ್ದವು. ನಾನು ಅರ್ಧ ಅದು, ಅರ್ಧ ಇದು ಬೆರೆಸಿ ತುಂಬಿಸಿಕೊಂಡೆ. 'ಮನೆಯಲ್ಲಿ ದೊಡ್ಡವರು ಕೇಳಿದ್ದಾರೆ' ಎಂದು ಅವನಿಗೆ ಹೇಳಿದೆ.

ಇದನ್ನು ಹುಡುಗಾಟವೆಂದು ನಾನು ಬಹಳ ಕಾಲ ನನಗೇ ಹೇಳಿಕೊಂಡೆ. ಹೆಂಡತಿಗೂ ಹಾಗೆಯೇ ಹೇಳಿದ್ದೆ. ಗೆಳೆಯನ ನಾಲಿಗೆ ಸ್ವಲ್ಪ ತೊದಲಲಿ, ನಗಾಡೋಣ ಎಂದಷ್ಟೇ ಎಣಿಸಿದ್ದೆನೆಂದು. ಅವಳು ತೀರಿಕೊಳ್ಳುವವರೆಗೆ ನಂಬಿದ್ದಳು. ಅದು ಸುಳ್ಳು. ಆ ದಿನ ಬೆಳಿಗ್ಗೆ ಯಾರೂ ಹೇಳದೆಯೇ ನಾನೂ ಉಪವಾಸವಿದ್ದೆ, ಮಡಿಪಂಚೆ ಉಟ್ಟಿದ್ದೆ. ತಮಾಷೆ ಮಾಡುವವನು ಹಾಗೆ ಸಿದ್ಧನಾಗಿ ಬರುವುದಿಲ್ಲ.

ಎರಡನೆಯ ದಿನ ಪೆರಿಯಕುಳಂ. ಮಾವಿನ ಕಾಲ. ತೋಪಿನೊಳಗೆ ಹುಲ್ಲು ಹಾಸಿ ಹಣ್ಣು ಹರಡಿದ್ದರು. ನಾಲ್ಕು ಬಗೆ ರುಚಿ ನೋಡಿದೆ. ರಸ ಮೊಣಕೈವರೆಗೆ ಇಳಿಯಿತು. ಹೊಳೆಯ ಮೆಟ್ಟಿಲ ಹತ್ತಿರ ಒಬ್ಬ ನಾಗಸ್ವರದವನು ಮೊಣಕಾಲುದ್ದ ನೀರಿನಲ್ಲಿ ನಿಂತು ಸಾಧನೆ ಮಾಡುತ್ತಿದ್ದ. ಒಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ಹಿಡಿದು, ಬಿಟ್ಟು, ಮತ್ತೆ ಹಿಡಿಯುವನು. ಮುಕ್ಕಾಲು ಗಂಟೆ ಕೇಳಿದೆ. ಅವನು ವಾದ್ಯ ಒರೆಸುತ್ತ, "ನೀರಲ್ಲಿ ನಿಂತರೆ ಸುಳ್ಳು ಸ್ವರ ಕಾಲಿಗೆ ಗೊತ್ತಾಗುತ್ತದೆ ಅಯ್ಯಾ" ಎಂದ. ನಾನು ಎದ್ದು ಗಾಡಿಯ ಕಡೆ ನಡೆದೆ.

ಮೂರನೆಯ ದಿನ ತೇನಿ. ಗುಡ್ಡದ ಗಾಳಿ ಬೀಸುವ ಸಣ್ಣ ಊರು. ಸಜ್ಜೆಯ ಗಂಜಿ, ಜೊತೆಗೆ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಹುರಿದ ಮೆಣಸಿನಕಾಯಿ. ಕಡಿದಾಗ ಕಣ್ಣಲ್ಲಿ ನೀರು ಬಂತು. ಕರುಪ್ಪಣ್ಣ ಕೂಡ ಮೂಗು ಒರೆಸಿಕೊಳ್ಳುತ್ತಿದ್ದದ್ದು ನೋಡಿ ನಾನು ಮೆಲ್ಲಗೆ ಕೇಳಿದೆ: "ಬೊಮ್ಮಣ್ಣ ಅಂತ ಒಬ್ಬ ಇದ್ದನಲ್ಲ. ಇದ್ದಾನೆಯೇ?"

"ಕುಡುಕ ಬೊಮ್ಮಣ್ಣನಾ? ಅವ್ನೆ. ಹೊಳೆ ಆಚೆ ತಾಟಿತೋಪಿನ ಕಾವ್ಲು."

"ತುಂಬ ಕುಡಿಯುತ್ತಾನೋ?"

ಅವನು ಮೆಣಸಿನಕಾಯಿ ಕೆಳಗಿಟ್ಟ. "ಕುಡ್ದಿದ್ದು ನಾನ್ ನೋಡಿಲ್ಲ. ಯಾರೂ ನೋಡಿಲ್ಲ. ಆದ್ರೂ ಹೆಸ್ರು ಅದೇಯ. ಅವ್ರ ಮಗ್ಳು ಲಿಂಗಮ್ಮಂಗೆ ಗಂಡು ನೋಡಕ್ಕೆ ಬಂದೋರು 'ಕುಡುಕನ ಮನೆ' ಅಂತ ಮೂರು ಸಲ ಎದ್ದೋದ್ರು. ಆಯಮ್ಮ ಹಂಗೇ ಉಳ್ಕಂಡ್ಳು. ಯಾಕ್ ಮಾಮಾ, ಗಂಜಿ ಬಿಟ್ರಿ?"

ಅದೊಂದೇ ಊಟ ನಾನು ದಾರಿಯಲ್ಲಿ ಪೂರ್ತಿ ಮಾಡದೆ ಬಿಟ್ಟದ್ದು.

ಚಿನ್ನಮನೂರಿನಲ್ಲಿ ತಂಗಿ, ನಾಲ್ಕನೆಯ ದಿನ ಕಂಬಂ ಸೇರಿದೆವು. ಕಣಿವೆ ನಾನು ಬಿಟ್ಟ ಹಾಗಿರಲಿಲ್ಲ. ಮಲೆಯ ಆಚೆ ಹರಿಯುವ ನದಿಗೆ ಕಟ್ಟೆ ಹಾಕಿ, ಬೆಟ್ಟ ಕೊರೆದು ನೀರನ್ನು ಈಚೆಗೆ ತಿರುಗಿಸಿ ಇನ್ನೂ ವರ್ಷವಾಗಿರಲಿಲ್ಲ. ನಮ್ಮ ಕಾಲದಲ್ಲಿ ವೈಶಾಖಕ್ಕೆ ಬರೀ ಮರಳಾಗಿರುತ್ತಿದ್ದ ಹೊಳೆಯಲ್ಲಿ ಮೊಣಕಾಲು ನೀರು. ತಿಮ್ಮಣ್ಣ ಅದನ್ನು ತನ್ನ ಸ್ವಂತದ್ದೆಂಬಂತೆ ತೋರಿಸಿದ.

ಅವನ ಮನೆಯಲ್ಲಿ ನನಗೆ ಆದ ಉಪಚಾರ ಬರೆಯಲು ನಾಚಿಕೆಯಾಗುತ್ತದೆ. ರಾಗಿ ಹಿಟ್ಟು, ಹುರುಳಿ ಸಾರು, ಮಲೆಯಿಂದ ಇಳಿಸಿದ ಹಲಸಿನ ತೊಳೆ, ಪಾದ್ರಿಯ ತೋಟದಿಂದ ತರಿಸಿದ ಕರಿ ದ್ರಾಕ್ಷಿ. ದ್ರಾಕ್ಷಿ ಹುಳಿ. "ಅವ್ರು ಇದ್ರಲ್ಲಿ ಕೋಯಿಲ್ ಪೂಜೆಗೆ ಹೆಂಡ ಮಾಡ್ತಾರಂತೆ ಮಾಮಾ, ನಾವು ಸುಮ್ನೆ ತಿಂತೀವಿ" ಎಂದು ಅವನ ಹೆಂಡತಿ ನಕ್ಕಳು. ಹಿರಿಯ ಗೌಡರು ತಾವೇ ಬಂದು ಹೊಸ ಪಂಚೆ ಹೊದಿಸಿದರು. ಎಂಬತ್ತು ದಾಟಿದವರು, ಬೊಮ್ಮಣ್ಣನನ್ನು ಹೊರಗಿಟ್ಟ ಕೂಟದಲ್ಲಿ ಕುಳಿತವರ ಪೈಕಿ ಉಳಿದವರು ಅವರೊಬ್ಬರೇ. "ಆವತ್ತು ನೀನಿಲ್ದಿದ್ರೆ ಮಂದೆ ಅರ್ಧ ದಾರಿಲಿ ನಿಲ್ತಿತ್ತು ರಂಗಪ್ಪ. ನಮ್ ಮಾನ ಉಳಿಸ್ದವ್ನು ನೀನು" ಎಂದರು. ಅಂಗಳದ ತುಂಬ ಜನ ತಲೆಯಾಡಿಸಿದರು. ಆಗಲೇ ಹೇಳಬೇಕಿತ್ತು. ಹಲಸಿನ ತೊಳೆ ಬಾಯಲ್ಲಿತ್ತು. ನುಂಗಿ ಸುಮ್ಮನಾದೆ.

ಮಂದೆ ದಾಟುವುದು ನಾಡಿದ್ದು. ಮರುದಿನ ಬೆಳಿಗ್ಗೆ ಎದ್ದವನೇ ಯಾರಿಗೂ ಹೇಳದೆ ಹೊಳೆ ದಾಟಿದೆ.

ತೋಪಿನ ಅಂಚಿನಲ್ಲಿ ಗರಿ ಹೊದಿಸಿದ ಒಂದು ಮನೆ. ಮುಂದೆ ದೊಡ್ಡ ಕೊಪ್ಪರಿಗೆಯಲ್ಲಿ ಪದನೀರು ಕಾಯಿಸಿ ತಾಟಿಬೆಲ್ಲ ಮಾಡುತ್ತಿದ್ದಳು ಒಬ್ಬ ಹೆಂಗಸು. ಲಿಂಗಮ್ಮ ಎಂದು ಮುಖ ನೋಡಿಯೇ ತಿಳಿಯಿತು, ತಂದೆಯ ಹುಬ್ಬು. ನಾನು ಹೆಸರು ಹೇಳಿದೆ. ತಂದೆಯ ತಮ್ಮನಂತಿದ್ದವನನ್ನು ಚಿಕ್ಕಪ್ಪ ಎನ್ನಬೇಕಿತ್ತು. ಅವಳು ಸೌಟು ತಿರುಗಿಸುತ್ತಲೇ, "ಓಹೋ, ಹಾಡಕ್ ಬಂದೋರು" ಎಂದಳು. "ಅಪ್ಪನ್ ಹಾಡ್ನ."

ಬೊಮ್ಮಣ್ಣ ಒಳಗಿನಿಂದ ಬಂದ. ಎಲುಬು ಚರ್ಮವಾಗಿದ್ದ, ಆದರೆ ನೆಟ್ಟಗಿದ್ದ. "ಬಾ ತಮ್ಮಾ, ಕುಂತ್ಕ" ಎಂದು ಚಾಪೆ ಕೊಡವಿದ. ಕುಳಿತುಕೊಂಡರೆ ಮತ್ತೆ ಹೇಳಲಾರೆನೆಂದು ನಿಂತೇ ಹೇಳಿದೆ. ಬೆರೆಸಿದ್ದು, ತಂದದ್ದು, ಉಪವಾಸವಿದ್ದು ಸಿದ್ಧನಾಗಿದ್ದದ್ದು, ಹಾಡಿದ್ದು ಎಲ್ಲವನ್ನೂ ಹೇಳಿದೆ. ಹುಡುಗಾಟ ಎಂಬ ಮಾತನ್ನು ಒಂದು ಸಲವೂ ಆಡಲಿಲ್ಲ. ಕೊಪ್ಪರಿಗೆಯಲ್ಲಿ ಸೌಟು ನಿಂತುಹೋಯಿತು. ಪಾಕ ತಳ ಹಿಡಿದ ವಾಸನೆ ಬಂತು.

ಬೊಮ್ಮಣ್ಣ ಕೊಪ್ಪರಿಗೆಯ ಕೆಳಗಿನ ಕೊಳ್ಳಿ ಹೊರಗೆಳೆದ. "ಮರ ಹತ್ತೋನು ಸುಣ್ಣ ಮರ್ತಿದ್ದ ಅಂದ್ಕಂಡಿದ್ದೆ" ಎಂದ. "ನೀನಾ."

"ನಾನೇ ಅಣ್ಣಾ."

"ಮೊದ್ಲ್ ಗುಟುಕ್ಗೇ ಗೊತ್ತಾಯ್ತು ನಂಗೆ, ಇದು ಪದನೀರಲ್ಲ ಅಂತ."

ನಾನು ತಲೆಯೆತ್ತಿ ಅವನನ್ನು ನೋಡಿದೆ. ಲಿಂಗಮ್ಮನೂ ತಂದೆಯ ಮುಖ ನೋಡಿದಳು. ಅವಳಿಗೂ ಇದು ಹೊಸದು.

"ಉಪಾಸ ಇದ್ದೆ, ಬಿಸ್ಲು. ತಣ್ಗಿತ್ತು. ಉಗ್ದುಬಿಡ್ಬೋದಿತ್ತು. ಮೂರು ದೊನ್ನೆ ಕುಡ್ದೆ. ಆಮೇಲೆ ಕೂಟದಲ್ಲಿ ಹೊಸ ಪಟ್ಟದ ಹೋರಿ ಕೊಂಬು ಹಿಡ್ದು, ಗೊತ್ತಿಲ್ದೆ ಕುಡ್ದೆ ಅಂತ ಆಣೆ ಮಾಡ್ದೆ. ಕೊಂಬು ಹಿಡ್ದು ಸುಳ್ಳು. ಅದ್ಕೇ ಹೊರಗಿಟ್ಟಾಗ ಬಾಯ್ಬಿಡ್ಲಿಲ್ಲ."

"ಅಪ್ಪಾ!" ಎಂದು ಲಿಂಗಮ್ಮ ಎದ್ದಳು. "ಇಬ್ರೂ ಸೇರ್ಕಂಡು ನನ್ ಜನ್ಮಾನೇ ಕುಡ್ದ್ರಾ?"

ಬೊಮ್ಮಣ್ಣ ಗಡಿಗೆಯ ಕಡೆ ಕೈ ತೋರಿ, "ಲಿಂಗೂ, ತಮ್ಮಂಗೆ ಒಂದು ದೊನ್ನೆ ಕೊಡು" ಎಂದ.

"ಇವ್ರ್ಗಾ? ನನ್ ಕೈ ಬರಲ್ಲ."

ಅವನೇ ಎದ್ದು ಗಡಿಗೆಯಿಂದ ಬಗ್ಗಿಸಿ, ದೊನ್ನೆಯನ್ನು ಎರಡು ಕೈಯಲ್ಲಿ ಹಿಡಿದು ತಂದ. ನಾನು ಇಸಿದುಕೊಂಡೆ. ಗಡಿಗೆಯಲ್ಲಿ ಸುಣ್ಣವಿದೆಯೋ ಇಲ್ಲವೋ ನಾನು ನೋಡಿರಲಿಲ್ಲ. ಅವನು ನನ್ನ ಕಣ್ಣನ್ನೇ ನೋಡುತ್ತಿದ್ದ. ಕುಡಿದೆ. ಸಿಹಿಯಾಗಿತ್ತು, ಬರೀ ಸಿಹಿ, ತುದಿಯಲ್ಲಿ ಸುಣ್ಣದ ಸಣ್ಣ ಒಗರು. ನಲವತ್ತು ಬೇಸಿಗೆ ನಾನು ಕಳೆದುಕೊಂಡ ರುಚಿ ಅದು.

"ನಾಳೆ ಕೂಟದಲ್ಲಿ ನಿಂದು ನೀನ್ ಹೇಳು" ಎಂದ ಅವನು. "ನಂದು ನಾನ್ ಹೇಳ್ತೀನಿ. ಒಬ್ರುದು ಇನ್ನೊಬ್ರು ಹೇಳದು ಬ್ಯಾಡ."

ಮರುದಿನ ಬೆಳಿಗ್ಗೆ ಹೊಳೆಯ ದಡದ ಹುಣಸೆಮರದ ಕೆಳಗೆ ಕೂಟ ಸೇರಿತು. ಹಿಂದೆ ಮಂದೆ ನಿಂತಿತ್ತು, ಇನ್ನೂರು ದನಗಳ ಉಸಿರು ಕೇಳುತ್ತಿತ್ತು. ಬೊಮ್ಮಣ್ಣ ಆಚೆ, ಮಂದೆ ಹತ್ತುವ ಜಾಗದಿಂದ ದೂರ ನಿಂತು, ನಾನು ಈಚೆ ದಡದಲ್ಲಿ ನಿಂತು, ಹೇಳಿದೆವು. ಅವನು ಕೂಗಿ ಹೇಳಬೇಕಾಯಿತು. ನನ್ನ ಮಾತು ಮುಗಿದಾಗ ತಿಮ್ಮಣ್ಣ ಎದ್ದು ದೂರ ಹೋಗಿ ಕುಳಿತ. ಯಾರೋ, "ಆ ಪಂಚೆ ಕಿತ್ಕಳ್ರೋ" ಎಂದರು. ನಾನೇ ತೆಗೆದು ಮಡಿಸಿ ಗೌಡರ ಮುಂದೆ ಇಟ್ಟೆ. ಹಾಡಿಲ್ಲದೆಯೇ ದಾಟಿಸಿಬಿಡೋಣ ಎಂದು ಕೆಲವರು, ದಿನವನ್ನೇ ಮುಂದಕ್ಕೆ ಹಾಕೋಣ ಎಂದು ಕೆಲವರು. ಗದ್ದಲ ಏರಿತು, ದನಗಳು ಬೆದರಿ ತಳ್ಳಾಡಿದವು.

ಗೌಡರು ಕೋಲು ನೆಲಕ್ಕೆ ಕುಟ್ಟಿದರು. "ಒಬ್ಬ ಕೊಟ್ಟ, ಒಬ್ಬ ಕುಡ್ದ. ಒಬ್ಬ ಬಾಯಿ ಮುಚ್ಕಂಡ, ಒಬ್ಬ ಕೊಂಬು ಹಿಡ್ದು ಸುಳ್ಳಾಡ್ದ. ನಾವು ದೊಡ್ಡೋರು ಬಾಯ್ ವಾಸ್ನೆ ನೋಡಿ ಮೂಗಲ್ಲಿ ನ್ಯಾಯ ಮಾಡಿದ್ವಿ. ಪಾಪ, ಆ ಹೆಣ್ ಮಗ ಏನ್ ಮಾಡಿತ್ತು?" ಎಂದು ಆಚೆ ದಡದ ಕಡೆ ತಿರುಗಿದರು. "ಲಿಂಗಮ್ಮ ಇವತ್ತೇ ಮಂದೆ ದಡಕ್ಕೆ ಬರ್ಲಿ. ಬೊಮ್ಮಣ್ಣ ಈ ದಡಾನೂ ಬ್ಯಾಡ, ಆ ದಡಾನೂ ಬ್ಯಾಡ, ನಡುನೀರಲ್ಲಿ ನಿಂತು ಹಾಡ್ಲಿ. ಒಂಬತ್ತೂ ದಾಟ್ಸಿದ್ರೆ ಮಂದೆ ಜೊತೆ ಹತ್ತಿ ಬರ್ಲಿ. ರಂಗಪ್ಪ ಮಂದೆ ಮುಟ್ಟೋ ದಡ ಮೆಟ್ಟೋದು ಬ್ಯಾಡ. ಇಲ್ಲೇ ನಿಂತು ಕೇಳ್ಲಿ, ಕೇಳಿ ಹೋಗ್ಲಿ."

ಬೊಮ್ಮಣ್ಣ ನೀರಿಗೆ ಇಳಿದ. ಹೊಸ ನೀರು ಮೊಣಕಾಲಿನವರೆಗೆ ಬಂತು. ಡೋಲಿನವನು ಅವನ ಮುಖ ನೋಡುತ್ತ ಕೋಲೆತ್ತಿ ಕಾದ.

ಧ್ವನಿ ಮೊದಲು ಹೊರಡಲಿಲ್ಲ. ಒಣ ಗರಿ ಸೀಳಿದಂತೆ ಒಂದು ಸದ್ದು. ಆಮೇಲೆ ಕಪಿಲೆ ಎಂದಿತು, ಡೋಲು ಬಿತ್ತು, ಮಂದೆ ನಾಲ್ಕು ಹೆಜ್ಜೆ ಇಟ್ಟಿತು. ಭವಾನಿ. ನೊಯ್ಯಲು. ದನಗಳು ಈಗ ನೀರಿನಲ್ಲಿದ್ದವು, ಅವನ ಎರಡೂ ಪಕ್ಕದಲ್ಲಿ ಸರಿಯುತ್ತಿದ್ದವು. ನಾಲ್ಕನೆಯ ಹೊಳೆಗೆ ಅವನು ನಿಂತ.

ಡೋಲಿನವನ ಕೋಲು ಮೇಲೆಯೇ ಉಳಿಯಿತು. ಮಂದೆ ನೀರಿನ ನಡುವೆ ನಿಂತಿತು. ಒಂದು ಕರು ಕಾಲು ಜಾರಿ ತಾಯಿಗೆ ಒರಗಿತು. ಆಚೆ ದಡದಲ್ಲಿ, ಕಬ್ಬಿನ ಕಟ್ಟಿನ ಹತ್ತಿರ, ಲಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು ಎಸೆದರೆ ಅವನಿಗೆ ಸಿಗುತ್ತಿತ್ತು. ಎಸೆದಿದ್ದರೆ ಮತ್ತೊಮ್ಮೆ ಅವನ ಹಾಡು ನನ್ನದಾಗುತ್ತಿತ್ತು. ಹಲ್ಲು ಕಚ್ಚಿ ನಿಂತೆ. ಅಷ್ಟು ದೀರ್ಘವಾದ ಹೊತ್ತು ನನ್ನ ಜೀವಮಾನದಲ್ಲಿ ಮತ್ತೊಂದಿಲ್ಲ.

ಅವನು ಬಗ್ಗಿ ಬೊಗಸೆ ನೀರೆತ್ತಿ ಬಾಯಿ ಮುಕ್ಕಳಿಸಿ ಉಗುಳಿದ. ತಲೆಯೆತ್ತಿ, "ಅಮರಾವತಿ" ಎಂದ. ಒಂದು ಸಲ ಹೇಳಬೇಕಾದ ಹೆಸರನ್ನು ಮೂರು ಸಲ ಹೇಳಿದ. ಕಟ್ಟಳೆ ಮರೆತು ಡೋಲಿನವನೂ ಮೂರು ಏಟು ಹಾಕಿದ. ಮಂದೆ ಹನ್ನೆರಡು ಹೆಜ್ಜೆ ನಡೆದು ನಡುಹೊಳೆ ದಾಟಿತು. ಉಳಿದ ಐದು ಹೊಳೆಗಳಿಗೆ ಅವನ ಧ್ವನಿ ನಿಲ್ಲಲಿಲ್ಲ. ಕೊನೆಯ ದನದ ಬೆನ್ನ ಮೇಲೆ ಕೈಯಿಟ್ಟುಕೊಂಡು ಅವನು ದಡ ಹತ್ತಿದ. ಮಂದೆಯ ಹಿಂದೆಯೇ ಹೊಳೆ ದಾಟಿದ ಜನ ಮುತ್ತಿಕೊಂಡರು. ಕಬ್ಬಿಗೆ ಯಾವ ಹೋರಿ ಬಾಯಿಟ್ಟಿತೋ ನನಗೆ ಕಾಣಲಿಲ್ಲ. ಕೂಗು ಮಾತ್ರ ಕೇಳಿತು.

ಈಚೆ ದಡದಲ್ಲಿ ನಾನೊಬ್ಬನೇ ಇದ್ದೆ. ಪೆಟ್ಟಿಗೆ ತಂದಿಟ್ಟು ಕರುಪ್ಪಣ್ಣ ಗಾಡಿ ಹೂಡಿದ. ತೇನಿಯವರೆಗೆ ಅವನು ಬಾಯಿ ಬಿಡಲಿಲ್ಲ. ತೇನಿಯಲ್ಲಿ ಗಂಜಿಯ ಮುಂದೆ ಕುಳಿತಾಗ ಗರಿಯಲ್ಲಿ ಕಟ್ಟಿದ ಒಂದು ಪೊಟ್ಟಣ ಕೈಗಿತ್ತ. ತಾಟಿಬೆಲ್ಲ. "ಲಿಂಗಮ್ಮ ಕೊಟ್ಳು. 'ಅಪ್ಪ ಕೊಡು ಅಂದ್ರು, ಕೊಡ್ತಿದೀನಿ. ನಾನಾಗಿದ್ರೆ ಕೊಡ್ತಿರ್ಲಿಲ್ಲ, ಹಂಗಂತ ಹೇಳು' ಅಂದ್ಳು. ಹೇಳಿದೀನಿ." ನನ್ನ ಗಂಜಿಯನ್ನು ಹತ್ತಿರ ಸರಿಸಿ, "ಗಂಜಿ ಬಿಡ್ಬ್ಯಾಡಿ ಈ ಸಲ" ಎಂದ.

ಪೆರಿಯಕುಳಂ, ವತ್ತಲಗುಂಡು, ದಿಂಡಿಗಲ್ಲು, ಬಂದ ದಾರಿಯೇ. ಮಾವು ಇನ್ನೂ ಹುಲ್ಲಿನ ಮೇಲಿತ್ತು, ನಾನು ಗಾಡಿ ಇಳಿಯಲಿಲ್ಲ. ತಿರುಚಿನಾಪಳ್ಳಿಯಿಂದ ಹೊರಟ ರೈಲು ಮಧ್ಯಾಹ್ನ ಕರೂರನ್ನು ಸಮೀಪಿಸಿದಾಗ ಬೆಲ್ಲದ ಒಂದು ಚೂರು ಬಾಯಲ್ಲಿಟ್ಟುಕೊಂಡು ಎದ್ದು ಕಿಟಕಿಗೆ ಬಂದೆ. ಬೆಲ್ಲದಲ್ಲಿ ಸೀದ ಪಾಕದ ಸಣ್ಣ ಕಹಿ ಇತ್ತು. ಅದು ಯಾವ ದಿನದ ಕೊಪ್ಪರಿಗೆಯದೆಂದು ನನಗೆ ಗೊತ್ತು. ಕೆಳಗೆ ಅಗಲವಾದ ಮರಳು, ನಡುವೆ ಕೈಯಗಲದ ನೀರು, ಅದರಲ್ಲಿ ಎಮ್ಮೆಗಳು. ನಾನು ಹೆಸರನ್ನು ಗಟ್ಟಿಯಾಗಿಯೇ ಹೇಳಿದೆನೆಂದು ಕಾಣುತ್ತದೆ. ಎದುರಿಗೆ ಕುಳಿತಿದ್ದ ನೇಯ್ಗೆಯವನು ತಲೆಯೆತ್ತಿ, "ಇಳಿಯಬೇಕಾ ಪೆರಿಯವರೇ? ಇನ್ನೂ ನಿಲ್ದಾಣ ಬಂದಿಲ್ಲ, ಕೂತುಕೊಳ್ಳಿ" ಎಂದ.

ಗಾಡಿ ಆಚೆ ದಡ ಮುಟ್ಟುವವರೆಗೆ ನಾನು ಕೂರಲಿಲ್ಲ.